ತಿರುವುಮುರುವು

ನನ್ನ ಹೆಸರನ್ನು ಬೆನ್ನಿಗೆ ಅಂಟಿಸಿಕೊಳ್ಳಬೇಡ ಅಂದಿದ್ದೆ.
ಬೆನ್ನಿಗೆ ಬರೆಸಿಕೊಳ್ಳುವುದು ಸತ್ತವರದು,
ನಾನಿನ್ನೂ ಅಡುಗೆಮನೆಯಲ್ಲಿ ನಿಂತು
ನಿನ್ನ ಸಾಕ್ಸಿನ ಜೋಡಿ ಹುಡುಕುತ್ತಿದ್ದೇನೆ.

ವೀಬೆ ಮಾತಾಡಲಿಲ್ಲ.
ನಲವತ್ತು ವರ್ಷ ಕಾಲುವೆಯ ಸೇತುವೆ ಕಾದವನು;
ದೋಣಿ ಬಂದರೆ ಎತ್ತು, ಹೋದರೆ ಇಳಿಸು,
ಬಾಯಿಯೂ ಹಾಗೇ ಅವನಿಗೆ.
ಬಿಳಿ ಬಟ್ಟೆಯ ಚೌಕದ ಮೇಲೆ ಅಚ್ಚು ಹಾಕಿಸಿದ್ದರು
ಯಾರಿಗಾಗಿ ಎಂದು. ಕೆಳಗೊಂದು ಗೆರೆ.
ಗೆರೆಯನ್ನು ಖಾಲಿ ಬಿಟ್ಟೇ ಪಿನ್ನು ಚುಚ್ಚಿಕೊಂಡ.

ಊರೆಲ್ಲ ಲೆಕ್ಕ ಬರೆದುಕೊಟ್ಟಿತ್ತು.
ಕಿಲೋಮೀಟರಿಗೆ ಎರಡು ಯೂರೋ ಬೇಕರಿಯ ಡೌವೆ,
ಒಂದೂವರೆ ಅಂಚೆಯ ಹಿಂಕೆ,
ಪಕ್ಕದ ಮನೆಯ ಮುದುಕ ಔಕೆ ಮಾತ್ರ ಚೌಕಾಸಿಗೆ ಕೂತ:
ಬೆನ್ನುಗಾಳಿಯಾದರೆ ಐವತ್ತು ಸೆಂಟು,
ಎದುರುಗಾಳಿಯಾದರೆ ಮೂರು ಯೂರೋ.
ದುಡ್ಡೆಲ್ಲ ಲೇವಾರ್ಡನ್ನಿನ ಆಸ್ಪತ್ರೆಗೆ,
ಮಂಗಳವಾರ ನಾನು ತೋಳು ಚಾಚಿ ಕೂರುವ
ಆ ಹಸಿರು ಕುರ್ಚಿಗಳ ಸಾಲಿಗೆ.

ನಮ್ಮ ಸೀಮೆಯಲ್ಲಿ ಬೆಟ್ಟವಿಲ್ಲ.
ಗಾಳಿಯೇ ಬೆಟ್ಟ. ಹತ್ತಿದ್ದು ಯಾರಿಗೂ ಕಾಣುವುದಿಲ್ಲ,
ಆಚೆಗೆ ಇಳಿಜಾರೂ ಸಿಗುವುದಿಲ್ಲ.
ಮಕ್ಕುಮ್ ದಾಟಿದರೆ ಕಡಲಿಗೆ ಕಟ್ಟಿದ ಏರಿ,
ಮೂವತ್ತೆರಡು ಕಿಲೋಮೀಟರು, ಎಳೆದು ಕಟ್ಟಿದ ದಾರದಷ್ಟು ನೇರ,
ಎಡಕ್ಕೆ ಸಿಹಿನೀರು, ಬಲಕ್ಕೆ ಉಪ್ಪುನೀರು,
ನಡುವೆ ಇನ್ನೂರು ಸೈಕಲ್ಲು, ಬೆನ್ನಿಗೊಂದು ಹೆಸರು.
ನೈಋತ್ಯದ ಗಾಳಿ ಅಂದು ನಸುಕಿಗೇ ಎದ್ದು
ಔಕೆಯ ಜೇಬಿಗೆ ಕೈ ಹಾಕಿತ್ತು.

ನಾನು ಕಾರಿನಲ್ಲಿ ಮುಂದೆ ಹೋಗಿ ಆ ತುದಿಯಲ್ಲಿ ನಿಂತೆ.
ಫ್ಲಾಸ್ಕಿನಲ್ಲಿ ಬಟಾಣಿ ಸೂಪು.
ಉಣ್ಣೆಯ ಟೊಪ್ಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು
ಒಬ್ಬೊಬ್ಬರೇ ಬರುವುದನ್ನು ನೋಡಿದೆ.
ಮೂಗೊರೆಸುತ್ತ ಬಂದ ಮೇಷ್ಟ್ರು,
ಬೈದುಕೊಳ್ಳುತ್ತ ಬಂದ ಅಕ್ಕತಂಗಿಯರು,
ಮಗುವಿನ ಪುಟ್ಟ ಸೀಟನ್ನು ಬಿಚ್ಚದೆ ಬಂದ ಒಬ್ಬ ಹುಡುಗ;
ಮರೆತಿದ್ದನೋ ಏನೋ,
ಯಾರೂ ಕೇಳಲಿಲ್ಲ.

ವೀಬೆ ಇಲ್ಲ.
ಸೂಪು ಆರಿತು. ಬಾವುಟಗಳನ್ನು ಸುತ್ತಿಡತೊಡಗಿದರು.
ಆಮೇಲೆ ಏರಿಯ ಮೇಲೆ ದೂರದಲ್ಲಿ
ಅಂಟಿಕೊಂಡ ಎರಡು ಚುಕ್ಕೆ.
ಹದಿಮೂರರ ಹುಡುಗಿ, ಕಾಲು ನಿಲುಕದ ದೊಡ್ಡವರ ಸೈಕಲ್ಲು,
ಪಕ್ಕದಲ್ಲಿ ಇವನು,
ಇವನ ಬಲಗೈ ಅವಳ ಬೆನ್ನ ಮೇಲೆ.

ನನ್ನ ಹತ್ತೊಂಬತ್ತರಲ್ಲಿ
ಕುಣಿದು ಮರಳುವ ರಾತ್ರಿಗಳಲ್ಲಿ ಹೀಗೇ ತಳ್ಳುತ್ತಿದ್ದ,
ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ನನಗೆ.
ಮದುವೆಯ ಮಾತನ್ನು ಅವನ ಬಾಯಲ್ಲಿ ಕೇಳಿದ ನೆನಪಿಲ್ಲ.
ಆ ಅಂಗೈ ಕೇಳಿತು, ನಾನು ತುಳಿದೆ.

ಹುಡುಗಿ ಇಳಿದವಳೇ ಅಮ್ಮನ ಕೋಟಿನೊಳಗೆ ಮುಖ ಹುದುಗಿಸಿದಳು,
ತಿರುಗಿ ನೋಡಲಿಲ್ಲ.
ವೀಬೆ ಕಾರಿನಲ್ಲಿ ಕೂತು ಸೂಪಿಗೆ ಕೈ ಚಾಚಿದ.
ಅಂಗೈ ತುಂಬ ನೀಲಿ ಮಸಿ.
ಜಿಟಿಜಿಟಿಗೆ ನೆಂದ ಬಟ್ಟೆಯ ಮೇಲೆ
ಇಪ್ಪತ್ತು ಕಿಲೋಮೀಟರು ಒತ್ತಿ ಒತ್ತಿ
ಬೆನ್ನಿನ ಹೆಸರು ಕೈಗಿಳಿದಿತ್ತು, ತಿರುವುಮುರುವಾಗಿ.
ಯಾರದು ಅಂದೆ.
ಕೇಳಲಿಲ್ಲ ಅಂದ. ಗಾಳಿಯಿತ್ತು.

ನನ್ನ ಸೀಟಿನ ಮುಂದಿನ ಬಿಸಿಲುಮರೆಯನ್ನು
ಮಾರ್ಚಿನಿಂದ ನಾನು ಇಳಿಸಿರಲಿಲ್ಲ;
ಅದರ ಬೆನ್ನಿಗೊಂದು ಕನ್ನಡಿಯಿದೆ.
ಇಳಿಸಿದೆ. ಅವನ ಕೈಯನ್ನೆತ್ತಿ
ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದೆ.
ಅಕ್ಷರಗಳು ನೆಟ್ಟಗೆ ನಿಂತವು: ಯೋರಿತ್.
ಅಪ್ಪನೋ, ಅಣ್ಣನೋ.
ಹೆಸರಿನ ಮಗ್ಗುಲಲ್ಲಿ ಹುಬ್ಬು ಉದುರಿದ ಒಬ್ಬಳು
ಟೊಪ್ಪಿಯಡಿಯಿಂದ ತುಟಿಯಲ್ಲಾಡಿಸಿ ಓದುತ್ತಿದ್ದಳು.
ಎಷ್ಟು ದಿನವಾಗಿತ್ತು ಅವಳನ್ನು ನೋಡಿ.

ಸೂಪು ತಣ್ಣಗಿದೆ ಅಂದ ವೀಬೆ.
ಕೈಯೊರೆಸಲು ಬಟ್ಟೆ ಹುಡುಕಿದ.
ಇರಲಿ ಬಿಡು ಅಂದೆ,
ಮೊದಲು ಔಕೆಯ ಮನೆ ಮುಂದೆ ನಿಲ್ಲಿಸು,
ತೊಂಬತ್ತಾರು ಯೂರೋ, ನಾನೇ ಇಳಿದು ವಸೂಲಿ ಮಾಡುತ್ತೇನೆ.