ತಕ್ಕಡಿ ಮೇಲೆ ಶಿಫಾ

ಕಣ್ಣಿಗಿಂತ ಮೊದಲು ಕಿವಿ ಕಲಿಯುತ್ತದೆ ಈ ಕೆಲಸ.
ಹಿಂಡಿದಾಗ ಕರಕರ ಅಂದರೆ ನೀರಿನ ಬಾಟ್ಲಿ,
ಕುಟ್ಟಿದಾಗ ಟಕ್ ಅಂದರೆ ಕಡಕ್ಕು: ಮಗ್ಗು, ಬಕೆಟ್ಟು, ಕುರ್ಚಿಯ ಮುರಿದ ಕಾಲು.
ಏನೂ ಅನ್ನದೆ ಬೆರಳಿಗೆ ಅಂಟಿಕೊಂಡರೆ ಹಾಲಿನ ಕವರು.
ಚಿಪ್ಸಿನ ಪೊಟ್ಟಣ ಎಲ್ಲರಿಗಿಂತ ಜೋರಾಗಿ ಮಾತಾಡುತ್ತದೆ,
ಅದಕ್ಕೆ ಬೆಲೆಯೇ ಇಲ್ಲ.

ಸಣ್ಣೀರಮ್ಮ ಇದನ್ನು ಹೇಳಿಕೊಟ್ಟಾಗ ನನಗೆ ಹದಿಮೂರು.
ಶಿವಮೊಗ್ಗದ ನಾಲೆ ಏರಿ ಮೇಲೆ ನಮ್ಮ ಎಪ್ಪತ್ತು ಮನೆ.
ಸೂರು ಅಂದರೆ ಫ್ಲೆಕ್ಸು; ಯಾರೋ ಮುಖಂಡರು
ನಮ್ಮ ನೆತ್ತಿ ಮೇಲೆ ಕೈ ಮುಗಿದು
ಐದು ವರ್ಷದಿಂದ ಹುಟ್ಟುಹಬ್ಬ ಮಾಡಿಕೊಳ್ಳುತ್ತಿದ್ದಾರೆ.

ಬೆಳಗಿನ ಐದಕ್ಕೆ ಕಲ್ಯಾಣ ಮಂಟಪದ ಹಿಂಬಾಗಿಲು.
ಮುಹೂರ್ತದ ತಿಂಗಳು ನಮಗೂ ಸುಗ್ಗಿ.
ಎರಡು ಗುಟುಕು ಕುಡಿದು ಬಿಟ್ಟ ಗಿಡ್ಡ ಬಾಟ್ಲಿಗಳು.
ನೀರಿದ್ದರೆ ಗುಜರಿ ನಾಗೋಜಿ ಮುಟ್ಟುವುದಿಲ್ಲ,
ಒಂದೊಂದನ್ನೂ ಬಿಚ್ಚಿ ಬಗ್ಗಿಸುತ್ತೇವೆ
ಗುಲ್ಜಾರ್‌ಬಿಯ ಡಾಲ್ಡಾ ಡಬ್ಬದ ಮೆಣಸಿನ ಗಿಡಕ್ಕೆ.
ಎಷ್ಟು ಮದುವೆ ಕುಡಿದಿದೆಯೋ ಆ ಗಿಡ,
ಖಾರ ಮಾತ್ರ ಹಾಗೇ ಇದೆ.

ನಾಗೋಜಿ ಕೆಟ್ಟವನಲ್ಲ, ಅದನ್ನೂ ಹೇಳಬೇಕು.
ಸಣ್ಣೀರಮ್ಮನ ಗಂಡ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಲಗಿದಾಗ
ರಾತ್ರಿ ಹನ್ನೊಂದಕ್ಕೆ ಬಂದು ಎರಡು ಸಾವಿರ ಕೊಟ್ಟ.
ಆ ಎರಡು ಸಾವಿರ ಎಷ್ಟು ಕಿಲೋದಲ್ಲಿ ತೀರಿತು ಅಂತ
ಯಾರ ಪುಸ್ತಕದಲ್ಲೂ ಇಲ್ಲ.

ಒಂದು ಮಂಗಳವಾರ ಅಂಗನವಾಡಿಯಲ್ಲಿ ಮಕ್ಕಳ ತೂಕ.
ಗುಲ್ಜಾರ್‌ಬಿಯ ಮೊಮ್ಮಗಳು ಶಿಫಾ: ಒಂಬತ್ತು ಕಿಲೋ ಇನ್ನೂರು.
ಹಸಿರು ಪಟ್ಟಿಯೊಳಗೆ ಚುಕ್ಕೆ ಇಟ್ಟು
"ಪರವಾಗಿಲ್ಲ ಕಣಮ್ಮ" ಅಂದರು ಟೀಚರು.
ಅದೇ ಖುಷಿಯಲ್ಲಿ ಮಗು ಕಂಕುಳಲ್ಲಿ, ಚೀಲ ತಲೆ ಮೇಲೆ,
ಅಜ್ಜಿ ನೇರ ಗುಜರಿಗೆ ಬಂದಳು.
ಚೀಲ ಇಳಿಸಲು ಕೈ ಬೇಕಿತ್ತು,
ಮಗುವನ್ನು ತಕ್ಕಡಿ ಮೇಲೆ ಕೂರಿಸಿದಳು.
ಕೆಂಪು ಅಂಕಿ ಮಿಣುಕಿತು, ತಡವರಿಸಿತು, ನಿಂತಿತು.
ಏಳೂವರೆ.

ಅರ್ಧ ಮೈಲಿ ದಾರಿಯಲ್ಲಿ
ಒಂದು ಕಿಲೋ ಏಳುನೂರು ಗ್ರಾಂ ಮಗು
ಎಲ್ಲಿ ಬಿದ್ದುಹೋಯಿತು?

ಗುಲ್ಜಾರ್‌ಬಿ ಬೈಯಲಿಲ್ಲ.
ಬಗ್ಗಿ ಶಿಫಾಳ ಕಾಲ್ಬೆರಳು ಎಣಿಸಿದಳು,
ಹತ್ತೂ ಇದ್ದವು.
ನಮ್ಮ ಕಡೆ ತಿರುಗಿ "ಪೂರಾ ಇದಾಳೆ" ಅಂದಳು.
"ತಕ್ಕಡಿಗೂ ವಯಸ್ಸಾಗ್ತದಮ್ಮ" ಅಂದ ನಾಗೋಜಿ,
ಪಕ್ಕದ ಕಬ್ಬಿಣದ ರಾಶಿಗೆ.

ಪರೀಕ್ಷೆಗಲ್ಲದೆ ನಾನು ಮೊದಲ ಸಲ
ಭಾಗಾಕಾರ ಮಾಡಿದ್ದು ಆ ರಾತ್ರಿ.
ಹನ್ನೊಂದು ವರ್ಷ, ದಿನಕ್ಕೆ ಇಪ್ಪತ್ತು ಕಿಲೋ, ಹದಿನಾಲ್ಕು ಹೆಂಗಸರು.
ಶಿಫಾಳಂಥ ಎಷ್ಟು ಮಕ್ಕಳ ತೂಕವಾಯಿತು ಅಂತ
ಉತ್ತರ ಬರುವ ಮೊದಲೇ ದೀಪ ಆರಿಸಿದೆ.

ಈಗ ನಮ್ಮದೇ ತಕ್ಕಡಿ ಇದೆ.
ವಾರಕ್ಕೆ ಐವತ್ತರಂತೆ ಕಟ್ಟಿ ತಂದದ್ದು.
ಶೆಡ್ಡು ಬಾಡಿಗೆಯದು, ಕರೆಂಟು ಪಕ್ಕದ ಪಂಕ್ಚರ್ ಅಂಗಡಿಯದು.
ಒತ್ತುವ ಮೆಷಿನ್ನು ಕೊಡುತ್ತೇವೆಂದು ಪಾಲಿಕೆಯವರು
ಎರಡು ಸಲ ನಮ್ಮ ಫೋಟೋ ತೆಗೆದುಕೊಂಡು ಹೋದರು.
ಕಾಲಲ್ಲೇ ತುಳಿಯುತ್ತೇವೆ ಇನ್ನೂ.
ಹೋದ ತಿಂಗಳು ಬಾಟ್ಲಿ ರೇಟು ನಾಲ್ಕು ರೂಪಾಯಿ ಬಿತ್ತು;
ಯಾಕೆ ಅಂತ ಕೇಳಲು ಯಾರ ಬಾಗಿಲಿಗೆ ಹೋಗಬೇಕೋ ಗೊತ್ತಾಗಲಿಲ್ಲ.

ಮೊನ್ನೆ ಸಂಜೆ ನಾಗೋಜಿ ಬಂದಿದ್ದ, ಲಗೇಜ್ ಆಟೋ ತುಂಬ ಮಾಲು.
ಹುಬ್ಬಳ್ಳಿಯವನು ಪ್ರತಿ ಲೋಡಲ್ಲೂ ಹೊಡೆಯುತ್ತಾನಂತೆ.
"ನಿಮ್ಮದರಲ್ಲಿ ಒಂದ್ಸಲ ನೋಡ್ಲಾ?"
ಸಣ್ಣೀರಮ್ಮ ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದಳು.
"ಇಡು" ಅಂದಳು.

ಕೆಲಸ ಶುರುವಾಗುವ ಮುಂಚೆ ದಿನಾ ಶಿಫಾ ತಕ್ಕಡಿ ಹತ್ತುತ್ತಾಳೆ.
ಅಜ್ಜಿ ಅವಳ ಮುಷ್ಟಿ ಬಿಡಿಸಿ
ನೀಲಿ ಮುಚ್ಚಳವೊಂದನ್ನು ಕಿತ್ತುಕೊಳ್ಳುತ್ತಾಳೆ,
"ಅದು ಬೇರೆ ರಾಶಿದು."
ಹನ್ನೆರಡು ಕಿಲೋ ನೂರು.
ನಾನು ಹನ್ನೆರಡು ಬರೆದು ನಿಲ್ಲಿಸಿದರೆ
ಮುದುಕಿ ಪುಸ್ತಕದ ಮೇಲೆ ಬೆರಳಿಡುತ್ತಾಳೆ.
ಓದಲು ಬಾರದ ಬೆರಳು,
ಸರಿಯಾಗಿ ಖಾಲಿ ಜಾಗದಲ್ಲೇ.