ಎರಡನೂರಾ ಎಂಬತ್ತು ಗ್ರಾಂ

ಅಂಗಡಿ ಬಾಗಲಾ ಅರ್ಧಾ ಎಳದು ನೀಲಗಂಗವ್ವ
ತಕ್ಕಡಿಗೆ ಹತ್ತಿದ ಬೆಲ್ಲದ ಅಂಟು ಒರಿಸಿದ್ಲು.
‘ಬಗ್ಗು’ ಅಂದ್ಲು. ಬಗ್ಗಿದೆ.
ಹಿತ್ತಾಳಿ ಪರಡಿ ತಣ್ಣಗ ಕೊರೀತಿತ್ತು.
ಬಲಗಡೀದನ್ನ ಅದರಾಗ ಇಟ್ಟು ಉಸರು ಹಿಡದು ನಿಂತೆ.
ಆ ಕಡೆ ಅಕಿ ಕಲ್ಲು ಹಾಕಿದ್ಲು, ತಗದ್ಲು,
ಐವತ್ತರದು, ಇಪ್ಪತ್ತರದು, ಹತ್ತರದು.
‘ಎರಡನೂರಾ ಎಂಬತ್ತು. ಸಕ್ಕರಿ ಆಗಿದ್ರ
ಹದಿಮೂರು ರೂಪಾಯಿ.’
ಹುಬ್ಬಳ್ಳಿ ದವಾಖಾನಿಂದ ಬಂದ ಮ್ಯಾಲ
ಅವತ್ತ ಮೊದಲ ನಾನು ನಕ್ಕಿದ್ದು.

ಬೆಟಗೇರಿ ಓಣ್ಯಾಗ ಇಪ್ಪತ್ತೆರಡು ವರ್ಷ ಜಂಪರ್ ಹೊಲದಾಕಿ.
ಊರ ಹೆಂಗಸರ ಎದಿ ಅಳತಿ ನನ್ನ ವಹಿಯೊಳಗ ಐತಿ.
ನಂದೊಂದ ಬರಕೊಂಡಿದ್ದಿಲ್ಲ.

ಎಡಗಡೆಗೆ ಮೊದಲು ಹತ್ತಿ ತುಂಬಿದೆ. ಹಗುರ.
ಒಂದು ಕೊಡ ನೀರು ತರೂದ್ರಾಗ ಕೊರಳಿಗೇ ಬಂತು.
ಆಮ್ಯಾಲ ಬಿಳಿಜ್ವಾಳ.
ಮಗ್ಗಲಾದ್ರ ಒಂದೊಂದು ಕಾಳೂ ಲೆಕ್ಕಕ್ಕ ಸಿಗ್ತಿತ್ತು.
ಎಳ್ಳು, ಸೆಕಿಗೆ ಎಣ್ಣಿ ಬಿಟ್ಟು
ಜಂಪರಿನ ಮ್ಯಾಲ ಹಾಲಿಳದಂಗ ಕಲಿ.
ಅದನ್ನ ನೋಡಿಕೋತ ಭಾಳ ಹೊತ್ತು ಸುಮ್ಮನ ಕುಂತೆ.
ಕಡೀಕ ನವಣಿ. ಹಳೇ ಸೀರಿ ಸೆರಗಿನ ತುಂಡು,
ಒಳಗ ತೂಗಿದಷ್ಟ ನವಣಿ.
ನಡದ್ರ ನಡೀತದ, ಬಗ್ಗಿದ್ರ ಬಗ್ಗತದ.
ಬಸ್ಸು ಜಿಗದಾಗ ಒಂದು ಗಳಿಗಿ ತಡಾ ಮಾಡಿ ಜಿಗೀತದ.

ಚಿತ್ರಕಲಾ ಕಲಿಯೋ ಸಬೀಹಾ ಅಳತಿ ಕೊಡಾಕ ಬಂದಾಕಿ
ಟ್ರಂಕಿನಾಗಿನ ಹಳೇವು, ಕೆಟ್ಟವು, ಹದಿನೇಳು ನೋಡಿ
‘ಇವನ್ನ ಕೊಡ್ರಿ’ ಅಂದ್ಲು.

ಧಾರವಾಡದಾಗ ಬಿಳೇ ಗ್ವಾಡಿಗೆ ಸಾಲಾಗಿ ತೂಗಬಿಟ್ಟಿದ್ರು.
ಕೆಳಗ ಚೀಟಿ: ಹತ್ತಿ, ಜ್ವಾಳ, ಎಳ್ಳು, ದಾರ.
ಫಕ್ಕೀರವ್ವ ಹೊಂಬಳ.
ಬಾಜೂಕ ಒಂದು ಬೋರ್ಡು: ಮುಟ್ಟಬಾರದು.
ಅದನ್ನ ಎರಡು ಸಲ ಓದಿದೆ.
ಡಾಕ್ಟರು, ಮಷೀನು, ಮೈಮ್ಯಾಲ ಪೆನ್ನಿಲೆ ಗೆರಿ ಹೊಡದ ಹುಡುಗ,
ಹಣ್ಣು ತಗೊಂಡು ನೋಡಾಕ ಬಂದ ಬೀಗರು,
ಯಾರ ಮುಂದೂ ಈ ಬೋರ್ಡು ಇದ್ದಿದ್ದಿಲ್ಲ.

ನಾಕನೇ ದಿನ ಸಬೀಹಾನ ಫೋನು, ಬರೇ ಅಳು.
ಇಲಿ ಬಂದು ಜ್ವಾಳದ್ದನ್ನ ಹರದಾವಂತ.
ಅಳಬ್ಯಾಡ, ಉಳದ ಕಾಳು ಗುಬ್ಬಿಗೆ ಚೆಲ್ಲು.
ಖಾಲಿ ಚೀಲಾ ಹಂಗ ಇರಲಿ, ಗ್ವಾಡಿ ಮ್ಯಾಲ.
ಅದೂ ನಂದ.

ದೀಪಾವಳಿ ಹೊಲಿಗಿ ಮುಗದ ಮ್ಯಾಲ ಮತ್ತ ಅದೇ ಅಂಗಡಿ.
‘ಬಗ್ಗು.’
ಇನ್ನೊಂದು ಇಪ್ಪತ್ತರ ಕಲ್ಲು ಬೇಕಾತು.
‘ಮೈ ಹತ್ತೇತಿ ನಿನಗ’ ಅಂದ್ಲು, ದುಡ್ಡು ಕೊಡೋ ಗಿರಾಕಿಗೆ ಅಂದಂಗ.

ರಾತ್ರಿ ಹೊಲಿಗಿ ಬಿಚ್ಚಿ
ಒಂದೀಟ ನವಣಿ ಹಾಕಿದೆ.
ವಹಿ ತಗದು ನನ್ನ ಹೆಸರು ಬರದು
ಎಡ, ಬಲ, ಎರಡೂ ಬರಕೊಂಡೆ,
ಪೆನ್ಸಿಲ್ಲಿಲೆ.