ಮೊದಲ ದಿನದ ಮೊತ್ತ

ಮತ್ತಿಕೆರೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿ.
ಗಿರಣಿ ಓಡುವಾಗ ನನ್ನ ಮೇಜಿನ ಪೆನ್ನು ತಾನಾಗಿ ಉರುಳುತ್ತದೆ.
ಒಳಗೆ ಡಾಕ್ಟರಮ್ಮ ಮಾತು ಕೇಳುತ್ತಾರೆ,
ಹೊರಗೆ ನಾನು ಲೆಕ್ಕ ಕೂಡುತ್ತೇನೆ:
ಒಂದು ಹಾಳೆ, ಒಂಬತ್ತು ಪ್ರಶ್ನೆ,
ಇಲ್ಲವೇ ಇಲ್ಲ ಅಂದರೆ ಸೊನ್ನೆ, ದಿನಾಲೂ ಅಂದರೆ ಮೂರು.

ಸುಧೀಂದ್ರ ರಾಯರು ಬಂದ ದಿನ ಎಂಟು.
ಇಸ್ತ್ರಿ ಶರ್ಟು, ಸ್ವಂತ ಪೆನ್ನು,
ಪಾರ್ಕಿಂಗಿನ ಬಗ್ಗೆ ಒಂದು ದೂರು.
ಹತ್ತನೇ ವಾರಕ್ಕೆ ಮೂರು.
ಸಿಹಿ ಡಬ್ಬ ಮೇಜಿನ ಮೇಲಿಟ್ಟು
"ವಾಸಿಯಾಯ್ತಮ್ಮ" ಅಂದರು.
ಬರದೇ ಇದ್ದಿದ್ದರೂ ಐದಕ್ಕೆ ಇಳಿಯುತ್ತಿದ್ದರೇನೋ. ನನಗೇನು ಗೊತ್ತು.

ಅದೇ ತಿಂಗಳು ನೂರುನ್ನಿಸಾ,
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.
ಓದು ಬಾರದೆ ಅಲ್ಲ, ಓದಲು ಮನಸ್ಸು ಬಾರದೆ
"ನೀವೇ ಬರ್ಕೊಳ್ಳಿ ಅಕ್ಕ" ಅಂದಳು.
ಪ್ರಶ್ನೆ ಓದಿದೆ. ಓದಿದ್ದಕ್ಕೆಲ್ಲ ಮೂರು ಬೆರಳು.
ಒಂದಕ್ಕೆ ಮಾತ್ರ ಎರಡು.
ಯಾವುದಕ್ಕೆಂದು ಹೇಳುವುದಿಲ್ಲ;
ಮಡಚಿದ ಆ ಒಂದು ಬೆರಳೇ
ಅವಳನ್ನು ಮತ್ತೆ ಮೆಟ್ಟಿಲು ಹತ್ತಿಸಿತು ಅಂತ ನನ್ನ ಎಣಿಕೆ.

ಇಪ್ಪತ್ತೈದರ ಡೆರಿಕ್ ಎರಡನೇ ವಾರ ಬರಲಿಲ್ಲ.
ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.
ಅವನ ಹಾಳೆಯಲ್ಲಿ ಮೊದಲ ಮೊತ್ತವೇ ಕೊನೆಯದು.

ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ,
ಬೆಳಗಿನ ಜಾವ ಎರಡು ಗಂಟೆ ಹೊತ್ತು.
ಎದುರು ಮನೆಯ ಸಂಪು ಅರ್ಧ ತುಂಬಿಯೇ ಇರುತ್ತದೆ,
ಬೇಗ ಉಕ್ಕಿ ರಸ್ತೆಗೆ ಹರಿಯುತ್ತದೆ.
ತಳ ಕಂಡ ನಮ್ಮ ಸಂಪಿಗೆ ಕೋಲು ಇಳಿಸಿದರೆ
ಮೊಣಕಾಲುದ್ದ ಒದ್ದೆ, ಅಷ್ಟೇ.
ಕುಡಿದದ್ದು ಮಾತ್ರ ನಮ್ಮದೇ ಹೆಚ್ಚು.

ಹತ್ತನೇ ವಾರ ನೂರುನ್ನಿಸಾಗೆ ಹದಿನಾಲ್ಕು.
ಎಂಟರಲ್ಲಿ ಮೂರು ಕಳೆದರೆ ಐದು,
ಇಪ್ಪತ್ತಾರರಲ್ಲಿ ಹದಿನಾಲ್ಕು ಕಳೆದರೆ ಹನ್ನೆರಡು.
ಕಂಪ್ಯೂಟರು ಕಳೆಯುವುದಿಲ್ಲ, ಕೊನೆಯದನ್ನಷ್ಟೇ ನೋಡುತ್ತದೆ:
ರಾಯರಿಗೆ ಹಸಿರು,
ಇವಳಿಗೆ ಕೆಂಪು.

ದುಪಟ್ಟಾ ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ನಿಂತು ಅಂದಳು,
"ಅಕ್ಕ, ನಿನ್ನೆ ಬಸ್ಸಲ್ಲಿ
ಕಿಟಕಿ ಪಕ್ಕ ಕೂರಬೇಕು ಅನ್ನಿಸ್ತು."
"ಕೂತ್ಯಾ?"
"ಇಲ್ಲ, ಖಾಲಿ ಇರ್ಲಿಲ್ಲ."

ಇದಕ್ಕೆ ಹಾಳೆಯಲ್ಲಿ ಚೌಕ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಕಿಟಕಿ.
ಕೆಳಗೆ ಯಾರದೋ ರಾಗಿ ಸುರಿದರು.
ಮೇಜು ನಡುಗಿತು, ಪೆನ್ಸಿಲು ಉರುಳಿತು.
ಹಿಡಿಯಲು ಹೋಗಲಿಲ್ಲ.